ಮಾಳಿಗಿ ರಾತ್ರಿ ಹನ್ನೊಂದಕ್ಕೂ ಕಾದಿರ್ತದ, ವಯಸ್ಸಾದವರನ್ನ ಹ್ಯಾಂಗ ನೋಡ್ಕೊಳ್ಳೋದು?

ಪ್ರಶ್ನೆ (ಕಲಬುರಗಿ)
ಮ್ಯಾಲಿನ ಅಂತಸ್ತಿನ ಮನಿ, ಆರ್‌ಸಿಸಿ ಮಾಳಿಗಿ, ಅದರ ಮ್ಯಾಲೆ ಶಹಾಬಾದ್ ಫರ್ಸಿ (ಹಾಸುಗಲ್ಲು). ಎಸಿ ಇಲ್ಲ, ಕೂಲರ್ ಅದ. ಅವ್ವಗ 71 ವರ್ಷ, ಬಿಪಿ ಗುಳಗಿ ತಗೋತಾರ. ಮೇ ತಿಂಗಳು ಬರೋದ್ರಾಗ ಕಡಿಮಿ ಖರ್ಚಿನಾಗ ಏನ್ ಮಾಡ್ಬಹುದು, ತಿಳಿದವರು ಹೇಳ್ರಿ.

ಉತ್ತರ 1 (ಚಿತ್ತಾಪುರ)
ಮೊದಲ ಮಾಳಿಗಿಗೆ ಸುಣ್ಣ ಹಚ್ರಿ. ಫರ್ಸಿ ಹಗಲೆಲ್ಲ ಬಿಸಲು ನುಂಗಿ ರಾತ್ರಿ ಕೋಣ್ಯಾಗ ಬಿಡ್ತದ. ಬೆಳ್ಳಗಿದ್ರ ಬಿಸಲು ಮ್ಯಾಲಿಂದ ಮ್ಯಾಲೇ ತಿರುಗಿ ಹೋಗ್ತದ. ಕಲ್ಲಸುಣ್ಣ ತಂದ್ರ ಹಿಂದಿನ ದಿನ ಕಬ್ಬಿಣದ ಡ್ರಮ್ಮಿನಾಗ ಅರಳಿಸ್ರಿ. ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪ ಹಾಕ್ಬೇಕು. ಸುಣ್ಣದ ಮ್ಯಾಲೆ ನೀರು ಸುರದ್ರ ಕುದ್ದು ಕಣ್ಣಿಗೆ ಸಿಡೀತದ. ಮರುದಿನ ಬಟ್ಟಿಲೆ ಸೋಸಿ, ಹಾಲಿನಂಗ ತೆಳ್ಳಗ ಮಾಡಿ, ಸ್ವಲ್ಪ ಫೆವಿಕಾಲ್ ಕೂಡಿಸ್ರಿ.

ಭಾಳ ಮಂದಿ ಕೆಡಿಸೋದು ಹಚ್ಚೋ ಹೊತ್ತಿನಾಗ. ಕಾದ ಕಲ್ಲಿಗೆ ಮಧ್ಯಾಹ್ನ ಬಳದ್ರ ನೀರು ಒಮ್ಮಿಗೇ ಆರಿ, ಸುಣ್ಣ ಪುಡಿಯಾಗಿ ಅಂಗಾಲಿಗೆ ಹತ್ತತದ. ತೇವ ಇದ್ರನ ಅದು ಗಾಳ್ಯಾಗಿನ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿ ಆಗೋದು. ಅದಕ್ಕ ಹೊತ್ತು ಮುಳುಗಿದ ಮ್ಯಾಲೆ ಧೂಳು ತೊಳದು, ಕಲ್ಲು ಹಸಿ ಇದ್ದಾಗ ಹಚ್ರಿ. ಆರಿದ ಮ್ಯಾಲೆ ಎರಡನೇ ಕೋಟ್. ಆಮ್ಯಾಲೆ ಎರಡು ದಿನ ಸಂಜಿಮುಂದ ನೀರು ಚಿಮುಕಸ್ರಿ. ಮಳಿಗೆ ತೊಳದು ಹೋಗ್ತದ, ವರ್ಷಾ ಫೆಬ್ರವರಿ-ಮಾರ್ಚಿನಾಗ ತಿರುಗಿ ಹಚ್ಬೇಕು.

ಉತ್ತರ 2 (ಬೀದರ್)
ಕೂಲರ್ ಹಚ್ಚಿ ಕಿಟಕಿ ಮುಚ್ಚಬ್ಯಾಡ್ರಿ. ಎದುರಿನ ಕಿಟಕಿ ತೆಗೀಲಿಲ್ಲಂದ್ರ ಹಸಿ ಗಾಳಿ ಒಳಗ ತುಂಬಿ ಬೆವರು ಆರಂಗಿಲ್ಲ, ಉಸಿರುಗಟ್ಟಿದಂಗ ಆಗ್ತದ. ನೀರು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ತಳ-ಗ್ವಾಡಿ ಬ್ರಷ್‌ಲೆ ತಿಕ್ರಿ. ಡೆಂಗಿ ಸೊಳ್ಳಿ ತತ್ತಿ ಟ್ಯಾಂಕಿನ ಗ್ವಾಡಿಗೆ ಅಂಟಿರ್ತದ, ಒಣಗಿದ್ರೂ ತಿಂಗಳುಗಟ್ಲೆ ಸಾಯಂಗಿಲ್ಲ. ಬರೀ ನೀರು ಬದಲಿ ಮಾಡಿದ್ರ ಸಾಲದು. ನೀರು ತುಂಬಿಟ್ಟ ಹೌದಕ್ಕೂ ಇದೇ ಮಾತು.

ಉತ್ತರ 3 (ಯಾದಗಿರಿ, ಆರೋಗ್ಯ ಕ್ಷೇತ್ರ)
ಉಷ್ಣಾಂಶ 40 ಡಿಗ್ರಿ ದಾಟಿದಾಗ ಒಣ ಫ್ಯಾನ್ ಗಾಳಿ ಮೈಗೆ ಶಾಖವನ್ನೇ ಕೊಡುತ್ತದೆ. ಕೈ, ಕುತ್ತಿಗೆ, ಪಾದಕ್ಕೆ ಆಗಾಗ ಒದ್ದೆ ಬಟ್ಟೆ ಸವರಿ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ, ಕೇಳುವ ಮೊದಲೇ ನೀರು ಕೊಡಿ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲುತ್ತಿಲ್ಲ. ಭೇದಿಯಾದರೆ, ಓಆರ್‌ಎಸ್ ಪುಡಿ ಸಿಗದಿದ್ದಾಗ, 1 ಲೀಟರ್ ಶುದ್ಧ ನೀರಿಗೆ 6 ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅಳತೆ ತಪ್ಪಬಾರದು. ಬಿಪಿ ಇರುವವರಿಗೆ ದಿನವೂ ಉಪ್ಪು ಹಾಕಿದ ಮಜ್ಜಿಗೆ ಬೇಡ, ಸಪ್ಪೆ ಮಜ್ಜಿಗೆ ಕೊಡಿ. ಕೆಲವು ಬಿಪಿ ಗುಳಿಗೆ ಮೂತ್ರ ಹೆಚ್ಚಿಸುತ್ತವೆ. ಬೇಸಿಗೆಗೆ ಮುಂಚೆಯೇ ಚೀಟಿ ವೈದ್ಯರಿಗೆ ತೋರಿಸಿ, ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು
ಮೈ ಬೆವರ್ತಾ ಇದ್ರ ಹೆದರಿಕಿ ಇಲ್ಲಂತಾರಲ್ರಿ, ಖರೆ ಏನು?

ಉತ್ತರ 3
ಅಲ್ಲ. ಬೆವರುತ್ತಿದ್ದರೂ ಶಾಖಾಘಾತ ಆಗಬಹುದು. ಮಾತು ತೊದಲಿದರೆ, ಗೊಂದಲ ಕಂಡರೆ, ಮೈ ಸುಡುತ್ತಿದ್ದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕೂರಬೇಡಿ: ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆ ಬಟ್ಟೆ ಇಡಿ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಜ್ವರವಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಲೇಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.