ಸಹಾಯ ಬೇಕು: ಕಾರಿಗೆ ಲಾಕ್ ವೀಲ್ ನಟ್ ಹಾಕಿಸಬೇಕಾ, ಬೇಡವಾ?

ಎಲ್ಲರಿಗೂ ನಮಸ್ಕಾರ. ಮನೇಲಿ ಪಾರ್ಕಿಂಗ್ ಇಲ್ಲ, ನಮ್ಮ ಬಲೆನೊ ರಾತ್ರಿಯೆಲ್ಲ ರಸ್ತೆ ಬದಿಯಲ್ಲೇ ನಿಲ್ಲುತ್ತೆ. ಹೋದ ವಾರ ಪಕ್ಕದ ಬೀದಿಯಲ್ಲಿ ಒಂದು ಕಾರಿನ ಎಡಗಡೆಯ ಎರಡೂ ಅಲಾಯ್ ಚಕ್ರ ಮಾಯ. ಬೆಳಗ್ಗೆ ನೋಡಿದ್ರೆ ಗಾಡಿ ಸಿಮೆಂಟ್ ಇಟ್ಟಿಗೆ ಮೇಲೆ ಕೂತಿತ್ತು! ಅವತ್ತಿಂದ ರಾತ್ರಿ ಎರಡು ಸಲ ಎದ್ದು ಕಿಟಕಿಯಿಂದ ಇಣುಕೋದೇ ಆಗಿದೆ.

ಚಕ್ರಕ್ಕೊಂದರಂತೆ ನಾಲ್ಕು ಲಾಕ್ ನಟ್ ಹಾಕಿಸೋಣ ಅಂತಿದ್ದೀನಿ. ಮಾಮೂಲಿ ಸ್ಪ್ಯಾನರ್‌ಗೆ ಬಿಚ್ಚೋಕೆ ಬರಲ್ಲ, ಅದಕ್ಕೇ ಹೊಂದೋ ಕೀ ಸಾಕೆಟ್ ಇದ್ರೇನೇ ಬಿಚ್ಚೋಕಾಗೋ ನಟ್ ಅದು. ನಟ್ ಒಳಗಿನ ಥ್ರೆಡ್ ಅಳತೆ ಎಂ12 × 1.25, ಅದು ಗೊತ್ತು. ಈಗ ಕಳ್ಳನಿಗಿಂತ ಆ ಕೀ ಸಾಕೆಟ್‌ದೇ ಭಯ. ಹೈವೇಲಿ ಪಂಕ್ಚರ್ ಆದಾಗ ಅದು ಮನೇಲೇ ಉಳಿದಿದ್ರೆ? ಪಂಕ್ಚರ್ ಅಂಗಡಿ ಹುಡುಗ ಏರ್ ಗನ್ ಇಟ್ಟು ಗರ್ರ್ ಅನ್ನಿಸಿ ಅದರ ಹಲ್ಲು ಸವೆಸಿಬಿಟ್ರೆ?

ಹಾಕಿಸಿಕೊಂಡವರು ಯಾರಾದ್ರೂ ಇದ್ದೀರಾ? ಕೀ ಎಲ್ಲಿಡ್ತೀರಿ? ಸ್ಟೆಪ್ನಿಯ ಸ್ಟೀಲ್ ರಿಮ್‌ಗೂ ಅದೇ ನಟ್ ಸರಿಯಾಗಿ ಕೂರುತ್ತಾ?