ನಿಂತಿದ್ದ ಕಾರಿನ ಬಾಗಿಲಿಗೆ ಸೈಕಲ್ ಬಡಿದು ಗಾಯ: ಪರಿಹಾರ ಕೇಳಬಹುದೇ?

ಟೈಲರ್ ಅಣ್ಣ, ಮೈಸೂರು:
ನನ್ನ ತಮ್ಮನಿಗೆ 38 ವರ್ಷ; ಸ್ವಂತ ಟೈಲರಿಂಗ್ ಅಂಗಡಿ ನಡೆಸುತ್ತಾನೆ. ಕಳೆದ ತಿಂಗಳು ಸಂಜೆ ಅಂಗಡಿ ಮುಚ್ಚಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದಾಗ, ರಸ್ತೆಬದಿಯಲ್ಲಿ ನಿಲ್ಲಿಸಿದ್ದ ಕಾರಿನ ಚಾಲಕರು ಹಿಂದೆ ನೋಡದೆ ಬಾಗಿಲು ತೆರೆದರು. ಅದಕ್ಕೆ ಬಡಿದು ಬಿದ್ದು ಅವನ ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಆಪರೇಷನ್ ಮಾಡಿ ಪ್ಲೇಟು ಹಾಕಿದ್ದಾರೆ. ಚಾಲಕರೇ ಆಸ್ಪತ್ರೆಗೆ ಸೇರಿಸಿ 20,000 ರೂಪಾಯಿ ಕಳುಹಿಸಿದ್ದರಿಂದ ನಾವು ಠಾಣೆಗೆ ಹೋಗಲಿಲ್ಲ. ಈಗ ಅವರು, ಮುಂದೆ ಏನನ್ನೂ ಕೇಳುವುದಿಲ್ಲವೆಂಬ ಮುಚ್ಚಳಿಕೆಗೆ ಸಹಿ ಕೇಳುತ್ತಿದ್ದಾರೆ. ಕಾರು ಓಡುತ್ತಿರಲಿಲ್ಲವಾದ್ದರಿಂದ ಇದು ವಾಹನ ಅಪಘಾತವೇ ಅಲ್ಲ ಎಂಬುದು ಅವರ ವಾದ. ಎಂವಿಸಿ (ಮೋಟಾರು ವಾಹನ ಅಪಘಾತ ಪರಿಹಾರ) ಕೇಸು ಹಾಕಲು ಸಾಧ್ಯವೇ, ಎಷ್ಟು ಪರಿಹಾರ ನಿರೀಕ್ಷಿಸಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಎಂವಿಸಿ ವಕೀಲ:
ಮುಚ್ಚಳಿಕೆಗೆ ಸಹಿ ಹಾಕಬೇಡಿ. ಕಾರು ನಿಂತಿತ್ತು ಎಂಬ ವಾದ ಹೊಸದಲ್ಲ. ಮೋಟಾರು ವಾಹನ ಕಾಯ್ದೆ ಹೇಳುವುದು ವಾಹನದ 'ಬಳಕೆಯಿಂದ' ಉಂಟಾದ ಅಪಘಾತದ ಬಗ್ಗೆ; ಉರುಳಿ ಬಿದ್ದಿದ್ದ ಪೆಟ್ರೋಲ್ ಟ್ಯಾಂಕರ್ ಹಲವು ಗಂಟೆಗಳ ನಂತರ ಸ್ಫೋಟಗೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿಯೇ, ಓಡದೆ ನಿಂತ ವಾಹನವೂ ಬಳಕೆಯಲ್ಲಿರಬಹುದು ಎಂದು ಈ ಪದಕ್ಕೆ ವಿಶಾಲ ಅರ್ಥ ಕೊಟ್ಟಿದೆ. ಚಾಲಕರು ಇಳಿಯಲೆಂದು ಬಾಗಿಲು ತೆರೆಯುವುದು ಅದಕ್ಕಿಂತ ಎಷ್ಟೋ ನೇರವಾದ ಬಳಕೆ.

ಠಾಣೆಗೆ ಹೋಗಿ ಈಗಲಾದರೂ ದೂರು ಕೊಡಿ. ತಡವಾದ ಕಾರಣವನ್ನು ಇದ್ದದ್ದು ಇದ್ದಂತೆ ಬರೆಯಿರಿ. ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಅರ್ಜಿಯನ್ನು ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೆ ಈ ಕಾಯ್ದೆಯ ಕಲಂ 166ರ (ಚಾಲಕರ ತಪ್ಪನ್ನು ತೋರಿಸಿ ಪರಿಹಾರ ಕೇಳುವ) ಅರ್ಜಿಗೆ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಈ ಗಡುವನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆಂಬುದು ನಿಜವಾದರೂ ಅದನ್ನು ನಂಬಿ ಕೂರುವುದು ಬೇಡ. ಅಪಘಾತ ನಡೆದ ಸ್ಥಳ ಅಥವಾ ತಮ್ಮನವರು ವಾಸವಿರುವ ಸ್ಥಳದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಬಹುದು.

ವಿಮಾ ಕಂಪನಿಯ ನಿವೃತ್ತ ನೌಕರ:
ವಕೀಲರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಇಂತಹ ಕಡತ ಬಂದಾಗ ಕಂಪನಿಯವರು ಎಫ್‌ಐಆರ್‌ಗಿಂತ ಮೊದಲು ನೋಡುವುದು, ಆಸ್ಪತ್ರೆಗೆ ಸೇರಿದಾಗ ಗಾಯಕ್ಕೆ ಕಾರಣವೇನೆಂದು ಬರೆಯಲಾಗಿದೆ ಎಂಬುದನ್ನು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣವೆಂದು ಆಸ್ಪತ್ರೆ ಬರೆಯುವ ವರದಿ) ದಾಖಲಾಗಿದೆಯೇ, ಅದರಲ್ಲಿ ಕಾರಿನ ಉಲ್ಲೇಖವಿದೆಯೇ ಎಂದು ಪರಿಶೀಲಿಸಿ. ತಾನಾಗಿ ಬಿದ್ದವನಿಗೆ ಪರಿಹಾರ ಕೊಡಿಸಲು ಯಾರದೋ ಕಾರನ್ನು ತಂದು ಸೇರಿಸುವ ಸುಳ್ಳು ಪ್ರಕರಣಗಳು ಇರುವುದರಿಂದ, ತಡವಾದ ದೂರನ್ನು ಕಂಪನಿ ಅನುಮಾನದಿಂದಲೇ ಓದುತ್ತದೆ.

ಕಾರಿಗೆ ಥರ್ಡ್ ಪಾರ್ಟಿ ವಿಮೆ ಚಾಲ್ತಿಯಲ್ಲಿದ್ದು ಚಾಲಕರಿಗೆ ಲೈಸೆನ್ಸ್ ಇದ್ದರೆ ಪರಿಹಾರದ ಹಣ ಅವರ ಜೇಬಿನಿಂದ ಹೋಗುವುದಿಲ್ಲ. ಇದನ್ನು ಅವರಿಗೆ ತಿಳಿಸಿ ಹೇಳಿದರೆ ಮುಚ್ಚಳಿಕೆಯ ಒತ್ತಾಯ ಬಹುಶಃ ಕಡಿಮೆಯಾದೀತು. ಕ್ರಿಮಿನಲ್ ಪ್ರಕರಣದ ಭಯ ಬೇರೆ. ಅದನ್ನು ವಿಮೆ ತಪ್ಪಿಸಲಾರದು.

ಇನ್ನೊಂದು ದಾರಿಯೂ ಇದೆ. ಮೂಳೆ ಮುರಿತ ಕಾನೂನಿನ ಪ್ರಕಾರ ತೀವ್ರ ಗಾಯವಾದ್ದರಿಂದ, ಯಾರ ತಪ್ಪೆಂದು ಸಾಬೀತು ಮಾಡದೆಯೇ ಕಲಂ 164ರಡಿ ಎರಡೂವರೆ ಲಕ್ಷ ಕೇಳಬಹುದು. ಆದರೆ ಆ ಹಣವನ್ನು ಒಪ್ಪಿಕೊಂಡರೆ ಕಲಂ 166ರ ಅರ್ಜಿ ಬಿದ್ದುಹೋಗುತ್ತದೆ.

ಟೈಲರ್ ಅಣ್ಣ, ಮೈಸೂರು:
ಇಬ್ಬರಿಗೂ ಧನ್ಯವಾದಗಳು. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಸೈಕಲ್ಲಿನಿಂದ ಬಿದ್ದು' ಎಂದಷ್ಟೇ ಇದೆ. ಕಾರಿನ ಮಾತೇ ಇಲ್ಲ. ವೈದ್ಯರನ್ನು ಕೇಳಿ ಅದನ್ನು ತಿದ್ದಿಸಬಹುದೇ?

ಎಂವಿಸಿ ವಕೀಲ:
ತಿದ್ದಿಸಲು ಹೋಗಬೇಡಿ, ತಿದ್ದಿದ ದಾಖಲೆ ಪಾಟೀಸವಾಲಿನಲ್ಲಿ ಉಳಿದೆಲ್ಲ ದಾಖಲೆಗಳನ್ನೂ ಕೆಡಿಸುತ್ತದೆ. ತಾವು ಬರೆದಿರುವುದರಲ್ಲೇ ಒಳ್ಳೆಯ ಪುರಾವೆ ಇದೆ. ಚಾಲಕರು 20,000 ರೂಪಾಯಿಯನ್ನು ಫೋನಿನಿಂದ ಕಳುಹಿಸಿದ್ದರೆ ಅದರ ದಾಖಲೆ, ಅವರ ಸಂದೇಶಗಳು, ಮುಚ್ಚಳಿಕೆಯ ಕರಡು, ಇವೆಲ್ಲವೂ ಆ ಕಾರಿಗೂ ಈ ಗಾಯಕ್ಕೂ ಸಂಬಂಧ ಕಲ್ಪಿಸುತ್ತವೆ. ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯ ಬಹಳ ದಿನ ಉಳಿಯುವುದಿಲ್ಲ, ಇಂದೇ ವಿಚಾರಿಸಿ. ಆಸ್ಪತ್ರೆಗೆ ಕರೆತಂದವರ ಹೆಸರು ದಾಖಲಾತಿ ಪುಸ್ತಕದಲ್ಲಿದ್ದರೆ ಅದರ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ.

ಮೊತ್ತದ ಬಗ್ಗೆ ಹೇಳುವುದಾದರೆ, ಟೈಲರಿಗೆ ಬಲಗೈ ಮಣಿಕಟ್ಟೇ ಸಂಪಾದನೆ. ಆ ಅಂಗದ ನ್ಯೂನತೆ ಶೇಕಡಾ ಎಷ್ಟು ಎಂಬುದಕ್ಕಿಂತ, ಅದರಿಂದ ದುಡಿಮೆಗೆ ಎಷ್ಟು ಪೆಟ್ಟು ಬಿದ್ದಿದೆ ಎಂಬುದನ್ನು ಅಳೆಯಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ನಮ್ಮಲ್ಲಿ ನ್ಯಾಯಮಂಡಳಿಗಳು ಕೈಯ ನ್ಯೂನತೆಯ ಮೂರನೇ ಒಂದು ಭಾಗವನ್ನು ಇಡೀ ದೇಹದ ನ್ಯೂನತೆಯೆಂದು ಹಿಡಿದು ಮುಗಿಸಿಬಿಡುವುದುಂಟು. ಆದ್ದರಿಂದ ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷ್ಯದಲ್ಲಿ ಕತ್ತರಿ ಹಿಡಿಯುವ, ಬಟ್ಟೆ ತಿರುಗಿಸುವ ಕಷ್ಟ ಸ್ಪಷ್ಟವಾಗಿ ಬರಬೇಕು. ಉದಾಹರಣೆಗೆ ತಿಂಗಳ ಆದಾಯ 18,000 ರೂಪಾಯಿ, ದುಡಿಮೆಯ ನಷ್ಟ ಶೇ 10 ಎಂದು ಒಪ್ಪಿದರೆ, 38ರ ವಯಸ್ಸಿಗೆ ಗುಣಕ (ವರ್ಷದ ನಷ್ಟವನ್ನು ಗುಣಿಸಲು ವಯಸ್ಸಿಗೆ ತಕ್ಕಂತೆ ಹಿಡಿಯುವ ಸಂಖ್ಯೆ) 15 ಆಗುವುದರಿಂದ, ಮುಂದಿನ ಆದಾಯ ನಷ್ಟವೊಂದೇ 3,24,000 ರೂಪಾಯಿ ಆಗುತ್ತದೆ. ಆಸ್ಪತ್ರೆ ಬಿಲ್ಲು, ಅಂಗಡಿ ಮುಚ್ಚಿದ ತಿಂಗಳುಗಳ ನಷ್ಟ, ನೋವು, ಮುಂದೆ ಪ್ಲೇಟು ತೆಗೆಸುವ ಖರ್ಚು ಬೇರೆ. ಈಗಾಗಲೇ ಬಂದಿರುವ 20,000 ರೂಪಾಯಿಯನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.

ಹಾಸನದ ಓದುಗ:
ನನ್ನ ಭಾವನವರ ಕೇಸಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಬಂದ ಹಣದಲ್ಲಿ ಪಾಲು ಕೊಟ್ಟರೆ ಸಾಕು, ಫೀಸು ಬೇಡ ಎನ್ನುವವರು ಆಸ್ಪತ್ರೆಯ ಬಾಗಿಲಿನಲ್ಲೇ ಸಿಗುತ್ತಾರೆ. ವಕೀಲರು ಹಾಗೆ ಪಾಲು ಪಡೆಯುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಫೀಸಿನ ತೊಂದರೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ, ಅಲ್ಲಿ ಒಪ್ಪಿದ ಮೊತ್ತದ ಮೇಲೆ ಮೇಲ್ಮನವಿ ಇಲ್ಲವೆಂಬುದು ನೆನಪಿರಲಿ. ವೈದ್ಯರು ನ್ಯೂನತೆಯನ್ನು ಅಳೆದು ಪ್ರಮಾಣಪತ್ರ ಕೊಡುವ ಮೊದಲೇ ಯಾವ ಮೊತ್ತಕ್ಕೂ ಒಪ್ಪಬೇಡಿ.