ಸಹಾಯ ಬೇಕು: ಗೇರುಬೀಜ ಸುಲಿಯುವವರಿಗೆ ಬೋನಸ್ ಲೆಕ್ಕ ಹೇಗೆ ಇಡುವುದು?

ಎಲ್ಲರಿಗೂ ನಮಸ್ಕಾರ. ಕಾರ್ಕಳ ಹತ್ತಿರದ ಗೇರುಬೀಜ ಕಾರ್ಖಾನೆ. ಸಿಪ್ಪೆ ಸುಲಿಯುವ ಸೆಕ್ಷನ್‌ನಲ್ಲಿ ಸುಮಾರು ನಲವತ್ತು ಹೆಂಗಸರು, ಕೂಲಿ ಕಿಲೋ ಲೆಕ್ಕ. ಬರೀ ಕಿಲೋಗೆ ದುಡ್ಡು ಕೊಟ್ಟರೆ ಕೈ ಜೋರಾಗಿ ತುಂಡು ಜಾಸ್ತಿ ಬೀಳುತ್ತದೆ. ಹಾಗಂತ ತುಂಡಿಗೆ ಕೂಲಿ ಮುರಿಯುವುದು ಖಂಡಿತ ನ್ಯಾಯವಲ್ಲ. ಮಳೆಗಾಲದಲ್ಲಿ ಬೋರ್ಮಾದಿಂದ (ಬೀಜ ಒಣಗಿಸುವ ಬಿಸಿ ಒಲೆ) ತೆಗೆದ ಬೀಜ ತೆರೆದ ಟ್ರೇಯಲ್ಲಿ ಉಳಿದರೆ ತೇವ ಎಳೆದು ಸಿಪ್ಪೆ ಅಂಟುತ್ತದೆ, ಚೂರಿಯಲ್ಲಿ ಕೆರೆದಾಗ ಒಡೆಯುತ್ತದೆ. ಅದಕ್ಕೂ ಮೊದಲು ಗಟ್ಟಿ ಚಿಪ್ಪು ಬಿಡಿಸುವ ಕಟಿಂಗ್‌ನಲ್ಲೇ ಒಡೆದದ್ದೂ ಇವರ ತಲೆಗೇ ಬರುತ್ತದೆ.

ಯೋಚಿಸಿರುವುದು ಹೀಗೆ: ಕೊಡುವಾಗಲೇ ಪ್ರತಿ ಲಾಟ್‌ನಿಂದ ಅರ್ಧ ಕಿಲೋ ತೆಗೆದು, ಒಡೆದದ್ದನ್ನು ತೂಗಿ, ಚೀಟಿಯಲ್ಲಿ ಬರೆಯುವುದು. ಸಂಜೆ ಅದಕ್ಕಿಂತ ಹೆಚ್ಚಾದ ತುಂಡು ಮಾತ್ರ ಸುಲಿದವರ ಲೆಕ್ಕ, ಅದೂ ಬೋನಸ್‌ನಲ್ಲಿ ಮಾತ್ರ. ಮೂಲ ಕೂಲಿ ಮುಟ್ಟುವ ಹಾಗಿಲ್ಲ. ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಲೇಬಾರದು.

ಬೋನಸ್ ಒಬ್ಬೊಬ್ಬರಿಗೋ, ಒಂದೇ ಮೇಜಿನಲ್ಲಿ ಕೂತು ಸುಲಿಯುವವರಿಗೆ ಒಟ್ಟಿಗೋ? ಒಟ್ಟಿಗೆ ಕೊಟ್ಟರೆ ಹಳಬರು ಹೊಸಬರಿಗೆ ಕಲಿಸುತ್ತಾರೆ, ಆದರೆ ಪ್ರಾಯ ಆದವರ ಮೇಲೆ ಒತ್ತಡ ಬೀಳುತ್ತದೆ. ಇನ್ನೊಂದು, ಸೂಪರ್‌ವೈಸರ್ ಅದೇ ಮೇಜಿನಿಂದ ಮೇಲೆ ಬಂದವರು. ಜೊತೆಗೆ ಕೂತು ಸುಲಿದವರ ತೂಕ ಬರೆಯುವುದು ಅವರಿಗೆ ಕಷ್ಟ. ತೂಕದ ಕೆಲಸ ಗ್ರೇಡಿಂಗ್‌ನವರಿಗೆ (ಸುಲಿದ ಬೀಜ ವಿಂಗಡಿಸುವವರು) ಕೊಡುವುದು ಸರಿಯೇ? ಕುಂದಾಪುರ, ಪುತ್ತೂರು ಕಡೆ ಕಾರ್ಖಾನೆ ನಡೆಸುವವರು ದಯವಿಟ್ಟು ತಿಳಿಸಿ.